ಅಳಿಸಿದ ಚಾಟ್, ಎಂಟು ಸೆಷನ್: ಆನ್‌ಲೈನ್ ದಂಪತಿ ಕೌನ್ಸೆಲಿಂಗ್ ನನಗೆ ಹೇಗನ್ನಿಸಿತು

ಸೇರುವಾಗ ಗಂಡ ಹೆಂಡತಿ ಇಬ್ಬರೂ ಬೇರೆಬೇರೆಯಾಗಿ ಒಂದು ಫಾರಂ ತುಂಬಬೇಕಿತ್ತು. ಮೊದಲ ಪ್ರಶ್ನೆಯೇ ‘ಯಾಕೆ ಬರುತ್ತಿದ್ದೀರಿ?’ ನಾನು ‘ಒಂದು ತಪ್ಪು ತಿಳುವಳಿಕೆ ಆಗಿದೆ, ಸರಿ ಮಾಡಿಕೊಳ್ಳಬೇಕು’ ಅಂತ ಬರೆದೆ. ನನ್ನ ಗಂಡ ಬರೆದದ್ದು ಒಂದೇ ಪದ, ‘ಮೋಸ’. ಕೌನ್ಸೆಲರ್ ಎರಡನ್ನೂ ಅಕ್ಕಪಕ್ಕ ಇಟ್ಟು ತೋರಿಸಿದ ದಿನ ನನಗೆ ಕೂತಲ್ಲೇ ಬೆವರು ಬಂತು. ಒಂದೇ ಮನೆಯಲ್ಲಿದ್ದುಕೊಂಡು, ಒಂದೇ ವಿಷಯಕ್ಕೆ ಎರಡು ಹೆಸರು ಇಟ್ಟುಕೊಂಡು ನಾವು ಇಷ್ಟು ದಿನ ಜಗಳ ಆಡಿದ್ದೆವು.

ವಿಡಿಯೋ ಕಾಲ್‌ನಲ್ಲಿ ದಂಪತಿಗಳಿಗೆ ಕೌನ್ಸೆಲಿಂಗ್ ಕೊಡುವ ಒಂದು ಸೇವೆಯನ್ನು ನಾವು ಎಂಟು ವಾರ ಬಳಸಿದೆವು. ವಾರಕ್ಕೊಂದು ಸೆಷನ್, 50 ನಿಮಿಷ. ಸೇವೆಯ ಹೆಸರು ಇಲ್ಲಿ ಬರೆಯುವುದಿಲ್ಲ. ನಮ್ಮ ಅನುಭವ ನಮಗೆ ಸಿಕ್ಕ ಕೌನ್ಸೆಲರ್ ಮೇಲೆ ನಿಂತಿದೆ, ಬೇರೆಯವರಿಗೆ ಬೇರೆ ಥರ ಆಗಬಹುದು. ಆದರೆ ಇಂಥದ್ದನ್ನು ಹುಡುಕುತ್ತಿರುವವರು ಏನು ಕೇಳಬೇಕು, ಏನು ನೋಡಬೇಕು ಅಂತ ನಾನು ಹೇಳಬಲ್ಲೆ. ನಾವು ಹುಡುಕುವಾಗ ಸಿಕ್ಕಿದ್ದೆಲ್ಲ ‘ತುಂಬಾ ಚೆನ್ನಾಗಿದೆ’, ‘ದುಡ್ಡು ದಂಡ’ ಅನ್ನುವ ಒಂದೊಂದು ಸಾಲಿನ ಮಾತು. ಅದರಿಂದ ಏನೂ ಗೊತ್ತಾಗಲಿಲ್ಲ.

ಯಾಕೆ ಹೋದೆವು ಅನ್ನುವುದನ್ನು ಮೊದಲು ಹೇಳಿಬಿಡುತ್ತೇನೆ. ನಾನು ಫೋನಿನಲ್ಲಿ ಪದ ಕಟ್ಟುವ ಒಂದು ಆಟ ಆಡುತ್ತಿದ್ದೆ. ಎದುರಿಗೆ ಆಡುವವರು ಯಾರೋ ಅಪರಿಚಿತರು. ಆಟದ ಒಳಗೇ ಚಾಟ್ ಮಾಡಬಹುದು. ಒಬ್ಬರ ಜೊತೆ ಆಟ ಚೆನ್ನಾಗಿ ಕೂಡಿಬಂತು. ಮೊದಮೊದಲು ‘ಒಳ್ಳೆ ಪದ’ ಅನ್ನುವಷ್ಟೇ ಮಾತು. ಒಂದು ರಾತ್ರಿ ಅವರು ‘ಇವತ್ತು ನಿಮ್ಮ ಆಟದಲ್ಲಿ ಸುಸ್ತು ಕಾಣುತ್ತಿದೆ’ ಅಂತ ಬರೆದರು. ಆ ದಿನ ನನಗೆ ನಿಜವಾಗಿ ಸುಸ್ತಾಗಿತ್ತು. ಮನೆಯಲ್ಲಿ ಯಾರೂ ಅದನ್ನು ಗಮನಿಸಿರಲಿಲ್ಲ. ಅಲ್ಲಿಂದ ‘ಮಲಗಿದಿರಾ?’ ಶುರುವಾಯಿತು. ಆಮೇಲೆ ‘ನಿಮ್ಮ ಧ್ವನಿ ಹೇಗಿರಬಹುದು ಅಂತ ಯೋಚಿಸುತ್ತಿದ್ದೆ’. ಅದಕ್ಕೆ ನಾನು ‘ಯೋಚಿಸುತ್ತಾ ಇರಿ’ ಅಂತ ಬರೆದೆ. ಬರೆದು, ಫೋನ್ ಎದೆಗೆ ಒತ್ತಿಕೊಂಡು ಮಲಗಿದೆ. ಇದು ಫ್ಲರ್ಟ್ ಅಂತ ನನಗೆ ಗೊತ್ತಿತ್ತು. ಗೊತ್ತಿರಲಿಲ್ಲ ಅಂತ ಯಾರಿಗೂ ಹೇಳುವುದಿಲ್ಲ.

ಒಂಬತ್ತು ತಿಂಗಳು ಹೀಗೇ ನಡೆಯಿತು. ಭೇಟಿ ಆಗಲಿಲ್ಲ. ಫೋಟೋ ಕಳಿಸಲಿಲ್ಲ. ಧ್ವನಿ ಕೇಳಿಸಿಕೊಳ್ಳಲಿಲ್ಲ. ಈ ಮೂರು ‘ಇಲ್ಲ’ಗಳನ್ನು ನಾನು ದಿನಾ ನನಗೇ ಹೇಳಿಕೊಳ್ಳುತ್ತಿದ್ದೆ. ಹಾಗಿದ್ದರೆ ಪ್ರತಿ ರಾತ್ರಿ ಚಾಟ್ ಯಾಕೆ ಅಳಿಸುತ್ತಿದ್ದೆ ಅಂತ ಮಾತ್ರ ಕೇಳಿಕೊಳ್ಳಲಿಲ್ಲ. ಸಿಕ್ಕಿಬಿದ್ದದ್ದೂ ಅಳಿಸುವಾಗಲೇ. ನನ್ನ ಗಂಡ ಒಂದೇ ಒಂದು ಮೆಸೇಜನ್ನೂ ಓದಿರಲಿಲ್ಲ. ಅವರು ಕೋಣೆಗೆ ಬಂದಾಗ ನನ್ನ ಹೆಬ್ಬೆರಳು ಸರಸರ ಓಡಿದ್ದನ್ನು ನೋಡಿದರು, ಅಷ್ಟೇ. ‘ಏನು ಅಳಿಸಿದೆ?’ ಅಂದರು. ‘ಏನಿಲ್ಲ, ಫೋನ್ ತುಂಬಿತ್ತು’ ಅಂದೆ. ಮುಖ ನೋಡಿಕೊಂಡು ನಾನು ಹೇಳಿದ ಮೊದಲ ಸುಳ್ಳು ಅದು. ಮೂರು ದಿನ ಆದಮೇಲೆ ನಾನೇ ಬಾಯಿಬಿಟ್ಟೆ, ಅದೂ ಅರ್ಧಂಬರ್ಧ. ಉಳಿದದ್ದನ್ನು ಅವರು ತುಂಡು ತುಂಡಾಗಿ ಎಳೆದು ತೆಗೆಯಬೇಕಾಯಿತು. ಒಂದೊಂದು ತುಂಡು ಹೊರಗೆ ಬಂದಾಗಲೂ ಮೊದಲಿನಿಂದ ಜಗಳ.

ಈಗ ಸೇವೆಯ ವಿಷಯ. ನಮಗೆ ಮೊದಲು ಕೊಟ್ಟ ಕೌನ್ಸೆಲರ್ ಸರಿಹೋಗಲಿಲ್ಲ. ಇಪ್ಪತ್ತು ನಿಮಿಷ ಕೇಳಿಸಿಕೊಂಡು, ‘ಬರೀ ಚಾಟ್ ಅಲ್ವಾ, ಭೇಟಿ ಆಗಿಲ್ಲವಲ್ಲ, ಇದನ್ನು ದೊಡ್ಡದು ಮಾಡಬೇಡಿ’ ಅಂತ ನನ್ನ ಗಂಡನಿಗೆ ಹೇಳಿದರು. ನನಗೆ ಒಳಗೊಳಗೇ ಖುಷಿಯಾಯಿತು. ಆದರೆ ನನ್ನ ಗಂಡನ ಮುಖ ನೋಡಿದೆ. ಇನ್ನು ಮಾತಾಡಿ ಪ್ರಯೋಜನವಿಲ್ಲ ಅಂತ ತೀರ್ಮಾನ ಮಾಡಿದ ಮನುಷ್ಯನ ಮುಖ ಅದು. ಕೌನ್ಸೆಲರ್ ಬದಲಾಯಿಸಿ ಅಂತ ನಾನೇ ಮೆಸೇಜ್ ಹಾಕಿದೆ. ಇಂಥ ಸೇವೆಗಳಲ್ಲಿ ಬದಲಾಯಿಸಿ ಅಂತ ಕೇಳಲು ಸಂಕೋಚ ಬೇಡ. ನಮಗೆ ಎರಡು ದಿನದಲ್ಲಿ ಬೇರೆಯವರು ಸಿಕ್ಕರು, ಕಾರಣ ಕೇಳಿ ಪೀಡಿಸಲಿಲ್ಲ, ಹೋದ ಸೆಷನ್ನನ್ನು ಲೆಕ್ಕಕ್ಕೂ ಹಿಡಿಯಲಿಲ್ಲ. ಇದಕ್ಕೆ ಪೂರ್ತಿ ಅಂಕ ಕೊಡುತ್ತೇನೆ.

ಎರಡನೆಯವರು ನಡುವಯಸ್ಸಿನ ಹೆಂಗಸು. ಮೆಲ್ಲಗೆ ಮಾತಾಡುತ್ತಿದ್ದರು, ಆದರೆ ಬಿಟ್ಟುಕೊಡುತ್ತಿರಲಿಲ್ಲ. ಮೊದಲ ದಿನವೇ ಎರಡು ವಿಷಯ ಸ್ಪಷ್ಟ ಮಾಡಿದರು. ಒಂದು, ‘ಯಾರು ತಪ್ಪು ಅಂತ ನಾನು ತೀರ್ಪು ಕೊಡುವುದಿಲ್ಲ.’ ಇನ್ನೊಂದು, ‘ನಿಮ್ಮಿಬ್ಬರ ಜೊತೆ ಒಂದೊಂದು ಸಲ ಬೇರೆಬೇರೆಯಾಗಿ ಮಾತಾಡುತ್ತೇನೆ. ಅಲ್ಲಿ ಹೇಳಿದ ಗುಟ್ಟನ್ನು ನಾನು ನಿಮ್ಮ ಪರವಾಗಿ ಬಚ್ಚಿಡುವುದಿಲ್ಲ.’ ದಂಪತಿಗಳ ಜೊತೆ ಕೆಲಸ ಮಾಡುವ ಬಹಳ ಕೌನ್ಸೆಲರ್‌ಗಳು ಈ ನಿಯಮ ಇಟ್ಟುಕೊಳ್ಳುತ್ತಾರಂತೆ. ಯಾಕೆ ಅಂತ ಆಮೇಲೆ ಅರ್ಥವಾಯಿತು. ಅವರೂ ನನ್ನ ಗುಟ್ಟು ಇಟ್ಟುಕೊಂಡರೆ ನನ್ನ ಗಂಡನ ಬೆನ್ನ ಹಿಂದೆ ಮಾತಾಡುವವರು ಇನ್ನೊಬ್ಬರು ಹೆಚ್ಚಾದಂತೆ. ಒಬ್ಬಳೇ ಇದ್ದಾಗ ‘ಮನೆಯಲ್ಲಿ ನಿಮಗೆ ಭಯ ಇದೆಯಾ? ಯಾವತ್ತಾದರೂ ಕೈ ಎತ್ತಿದ್ದಾರಾ?’ ಅಂತಲೂ ಕೇಳಿದರು. ನನ್ನ ಗಂಡನನ್ನೂ ಹಾಗೇ ಕೇಳಿದರಂತೆ. ಇದನ್ನು ಕೇಳದೆ ಇಬ್ಬರನ್ನೂ ಒಟ್ಟಿಗೆ ಕೂರಿಸುವ ಸೇವೆಯಾದರೆ ನನಗೆ ಅದರ ಮೇಲೆ ನಂಬಿಕೆ ಬರುವುದಿಲ್ಲ. ಹೊಡೆತ, ಹೆದರಿಕೆ ಇರುವ ಮನೆಯಲ್ಲಿ ಗಂಡನ ಪಕ್ಕ ಕೂತು ನಿಜ ಹೇಳುವುದು ಅಪಾಯ.

ಮೂರನೇ ವಾರ ಬಂದದ್ದು ಪಟ್ಟಿ. ಈ ಸೇವೆಯಲ್ಲಿ ನನಗೆ ಅತಿ ಹೆಚ್ಚು ಉಪಯೋಗವಾದದ್ದು ಇದೊಂದೇ, ಅದಕ್ಕೇ ಸ್ವಲ್ಪ ಜಾಸ್ತಿ ಬರೆಯುತ್ತೇನೆ.

24 ಸಾಲು. ಒಂದೊಂದು ಸಾಲಿನ ಎದುರು ಮೂರು ಕಾಲಂ: ‘ಪರವಾಗಿಲ್ಲ’, ‘ಪರವಾಗಿಲ್ಲ, ಆದರೆ ನನಗೆ ಹೇಳಬೇಕು’, ‘ಬೇಡ’. ಹಳೆಯ ಪ್ರೇಮಿಯ ಫೋಟೋಗೆ ಲೈಕ್ ಹಾಕುವುದು. ಅಪರಿಚಿತರಿಗೆ ಹಾರ್ಟ್ ಇಮೋಜಿ ಕಳಿಸುವುದು. ಮದುವೆ ಆಗಿದೆ ಅಂತ ಹೇಳದೆ ಮಾತಾಡುವುದು. ಡೇಟಿಂಗ್ ಆಪ್‌ನಲ್ಲಿ ಸುಮ್ನೆ ಪ್ರೊಫೈಲ್ ನೋಡುವುದು. ಒಬ್ಬರ ಚಾಟ್‌ಗೆ ಮಾತ್ರ ತಾನಾಗಿ ಮಾಯವಾಗುವ ಮೆಸೇಜ್ ಆನ್ ಮಾಡಿಕೊಳ್ಳುವುದು. ಮನುಷ್ಯರೇ ಅಲ್ಲದ ಚಾಟ್‌ಬಾಟ್ ಜೊತೆ ಪ್ರೀತಿಯ ಮಾತಾಡುವುದು. ಮನೆಯ ತಾಪತ್ರಯವನ್ನು ಬೇರೆ ಗಂಡಸಿನ ಅಥವಾ ಹೆಂಗಸಿನ ಹತ್ತಿರ ಹೇಳಿಕೊಳ್ಳುವುದು. ಇಬ್ಬರೂ ಬೇರೆಬೇರೆ ಕೋಣೆಯಲ್ಲಿ ಕೂತು ಗುರುತು ಹಾಕಿದೆವು. 15 ಸಾಲಿನಲ್ಲಿ ಇಬ್ಬರದೂ ಒಂದೇ ಗುರುತು. 9 ಸಾಲಿನಲ್ಲಿ ಬೇರೆ.

ಹನ್ನೆರಡು ವರ್ಷದ ಸಂಸಾರದಲ್ಲಿ ಈ ಒಂಬತ್ತರ ಪೈಕಿ ಒಂದನ್ನೂ ನಾವು ಬಾಯಿಬಿಟ್ಟು ಮಾತಾಡಿರಲಿಲ್ಲ. ಮಾತಾಡುವುದಕ್ಕೆ ಏನಿದೆ, ಎಲ್ಲರಿಗೂ ಗೊತ್ತಿರುವುದೇ ಅಲ್ವಾ ಅಂದುಕೊಂಡಿದ್ದೆವು. ಗೊತ್ತಿರುವುದು ಒಬ್ಬೊಬ್ಬರಿಗೆ ಒಂದೊಂದು ಥರ ಇತ್ತು. ಹಾರ್ಟ್ ಇಮೋಜಿ ನನಗೆ ದೊಡ್ಡ ವಿಷಯ, ಅವರಿಗೆ ಏನೂ ಅಲ್ಲ. ಡೇಟಿಂಗ್ ಆಪ್ ಇಬ್ಬರಿಗೂ ಬೇಡ. ಚಾಟ್‌ಬಾಟ್ ಸಾಲಿನ ಹತ್ತಿರ ಇಬ್ಬರೂ ಪೆನ್ನು ಎತ್ತಿ ಯೋಚಿಸಿದ್ದೆವಂತೆ. ಕೊನೆಗೆ ಇಬ್ಬರೂ ‘ಹೇಳಬೇಕು’ ಅಂತ ಹಾಕಿದ್ದೆವು. ಮಾಯವಾಗುವ ಮೆಸೇಜಿನ ಸಾಲಿಗೆ ನನ್ನ ಗಂಡ ‘ಬೇಡ’ದ ಕೆಳಗೆ ಎರಡು ಸಲ ಗೀಟು ಎಳೆದಿದ್ದರು.

ಆ ಸಾಲಿನ ಬಗ್ಗೆ ಕೌನ್ಸೆಲರ್ ಜೊತೆ ಬಹಳ ಹೊತ್ತು ಮಾತಾಯಿತು. ಸ್ನ್ಯಾಪ್‌ಚಾಟ್ 2011ರಲ್ಲಿ ಬಂದಾಗ ಮಾಯವಾಗುವ ಮೆಸೇಜು ಹೊಸ ವಿಷಯ. 2020ರಲ್ಲಿ ಅದು ವಾಟ್ಸಾಪ್‌ಗೂ ಬಂತು, 2023ರಲ್ಲಿ ಒಂದೊಂದು ಚಾಟಿಗೆ ಬೇರೆ ಬೀಗ ಹಾಕುವುದೂ ಬಂತು. ಅದರಲ್ಲಿ ತಪ್ಪಿಲ್ಲ, ಗುಟ್ಟಾಗಿ ಇಡಬೇಕಾದ ಮಾತು ಎಲ್ಲರಿಗೂ ಇರುತ್ತದೆ. ‘ಆದರೆ ಕೈಯಿಂದ ಅಳಿಸುವಾಗ ಮನಸ್ಸು ಒಂದು ಸಲ ಚುಚ್ಚುತ್ತದೆ. ಸೆಟ್ಟಿಂಗ್ ಆನ್ ಮಾಡಿಟ್ಟರೆ ಆ ಚುಚ್ಚುವಿಕೆ ಒಂದೇ ಸಲಕ್ಕೆ ಮುಗಿದುಹೋಗುತ್ತದೆ’ ಅಂದರು ಅವರು. ನನಗೆ ದಿನಾ ರಾತ್ರಿ ಚುಚ್ಚುತ್ತಿತ್ತು. ಒಂಬತ್ತು ತಿಂಗಳು ಅದನ್ನು ತಳ್ಳಿ ತಳ್ಳಿ ಮಲಗಿದ್ದೆ.

ಅವರು ಪ್ರತಿ ಸೆಷನ್ ಆದಮೇಲೆ ಓದಲು ಒಂದು ಪುಟ ಕಳಿಸುತ್ತಿದ್ದರು. ಕೆಲವು ತೀರಾ ಸಾಮಾನ್ಯ, ಓದಿ ಮರೆತೆ. ಎರಡು ಮಾತ್ರ ಇಟ್ಟುಕೊಂಡಿದ್ದೇನೆ. ಒಂದು ಅಮೆರಿಕದ ಮನಶ್ಶಾಸ್ತ್ರಜ್ಞೆ ಶರ್ಲಿ ಗ್ಲಾಸ್ ಹೇಳಿದ ಕಿಟಕಿ ಮತ್ತು ಗೋಡೆಯ ಮಾತು. ಗಂಡ ಹೆಂಡತಿಯ ನಡುವೆ ಕಿಟಕಿ ಇರಬೇಕು, ಹೊರಗಿನವರ ಕಡೆಗೆ ಗೋಡೆ ಇರಬೇಕು. ಸಂಬಂಧ ದಾರಿ ತಪ್ಪುವಾಗ ಇದು ತಿರುಗಿಬೀಳುತ್ತದೆ, ಹೊರಗಿನವರಿಗೆ ಕಿಟಕಿ, ಮನೆಯವರಿಗೆ ಗೋಡೆ. ಬರೀ ಸ್ನೇಹವೋ ಅದಕ್ಕಿಂತ ಜಾಸ್ತಿಯೋ ಅಂತ ತಿಳಿಯಲು ಅವರು ಮೂರು ಗುರುತು ಹೇಳಿದ್ದಾರೆ: ಮನಸ್ಸಿನ ಆಪ್ತತೆ, ಗುಟ್ಟು, ಆಕರ್ಷಣೆ. ನಾನು ಮೈ ಮುಟ್ಟಿಲ್ಲ ಅನ್ನುವುದನ್ನೇ ಹಿಡಿದುಕೊಂಡು ಕೂತಿದ್ದೆ. ಆ ಮೂರರಲ್ಲಿ ಮುಟ್ಟುವ ಮಾತೇ ಇಲ್ಲ. ನನ್ನ ಲೆಕ್ಕದಲ್ಲಿ ಮೂರೂ ಇತ್ತು.

ಇನ್ನೊಂದು ಪುಟ, ಅಕ್ಷರದಲ್ಲಿ ಮಾತಾಡುವವರು ಯಾಕೆ ಇಷ್ಟು ಬೇಗ ಹತ್ತಿರವಾಗುತ್ತಾರೆ ಅನ್ನುವುದು. ಸಂವಹನದ ಬಗ್ಗೆ ಕೆಲಸ ಮಾಡುವ ಜೋಸೆಫ್ ವಾಲ್ಥರ್ 1996ರಲ್ಲಿ ಬರೆದದ್ದು. ಬರೆಯುವವರು ಯೋಚಿಸಿ, ತಿದ್ದಿ, ತಮ್ಮ ಚೆಂದದ ಭಾಗವನ್ನೇ ಕಳಿಸುತ್ತಾರೆ. ಓದುವವರು ಗೊತ್ತಿಲ್ಲದ ಜಾಗವನ್ನೆಲ್ಲ ತಮಗೆ ಬೇಕಾದ ಹಾಗೆ ತುಂಬಿಕೊಳ್ಳುತ್ತಾರೆ. ಅದನ್ನು ಓದಿ ನಾನು ಬಹಳ ಹೊತ್ತು ಅತ್ತೆ. ನಾನು ಇಷ್ಟಪಟ್ಟ ಆ ಮನುಷ್ಯನಲ್ಲಿ ಅರ್ಧಕ್ಕಿಂತ ಜಾಸ್ತಿ ನಾನೇ ಮಾಡಿದ್ದು. ಆ ಕಡೆ ಇದ್ದ ‘ನಾನು’ ಕೂಡ ತಿದ್ದಿದ ನಾನೇ. ಕಾಯಿಲೆ ಬಿದ್ದ ದಿನದ ನಾನು, ಸಿಡುಕುವ ನಾನು ಅಲ್ಲಿ ಇರಲಿಲ್ಲ. ಅವರೆಲ್ಲ ನನ್ನ ಗಂಡನ ಪಾಲಿಗೆ ಉಳಿದಿದ್ದರು.

ಅಮೆರಿಕದ ಮನಶ್ಶಾಸ್ತ್ರಜ್ಞ ಸ್ಕಿನ್ನರ್ ಪಾರಿವಾಳಗಳ ಮೇಲೆ ಮಾಡಿದ ಪ್ರಯೋಗದ ಮಾತೂ ಒಮ್ಮೆ ಬಂತು. ಕಾಳು ಯಾವಾಗ ಬೀಳುತ್ತದೆ ಅಂತ ಗೊತ್ತಿಲ್ಲದಾಗ ಹಕ್ಕಿ ಬಿಡದೆ ಕುಕ್ಕುತ್ತಲೇ ಇರುತ್ತದೆ. ಉತ್ತರ ಬರುತ್ತದೋ ಇಲ್ಲವೋ ಅಂತ ನಾನು ಫೋನ್ ತಿರುಗಿಸಿ ತಿರುಗಿಸಿ ನೋಡುತ್ತಿದ್ದದ್ದು ಹಾಗೇ ಅಂದರು. ಇರಬಹುದು. ಆದರೆ ಅದನ್ನು ನೆಪ ಮಾಡಿಕೊಳ್ಳಲು ನನಗೆ ಮನಸ್ಸಾಗಲಿಲ್ಲ, ನನ್ನ ಗಂಡನಿಗೂ ಅದು ಹಿಡಿಸಲಿಲ್ಲ.

ನಾಲ್ಕನೇ ವಾರ ಅತಿ ಕಷ್ಟದ್ದು. ನನ್ನ ಗಂಡನಿಗೆ ಎಲ್ಲಾ ಮೆಸೇಜ್ ಓದಬೇಕಿತ್ತು. ಅಳಿಸಿಹೋಗಿತ್ತು. ‘ಅಳಿಸಿದ್ದರಲ್ಲಿ ಏನಿತ್ತು ಅಂತ ನನಗೆ ಸಾಯುವವರೆಗೂ ಗೊತ್ತಾಗುವುದಿಲ್ಲ’ ಅಂದರು. ಕೌನ್ಸೆಲರ್ ಅವರಿಗೆ, ಕೇಳಬೇಕಾದ್ದನ್ನೆಲ್ಲ ಬರೆದುಕೊಂಡು ಬನ್ನಿ ಅಂದಿದ್ದರು. 31 ಪ್ರಶ್ನೆ ಬರೆದಿದ್ದರು. ಅದನ್ನು ಇಟ್ಟುಕೊಂಡು ಕೌನ್ಸೆಲರ್ ಒಂದೊಂದಕ್ಕೂ, ‘ಇದರ ಉತ್ತರ ಸಿಕ್ಕರೆ ನಿಮಗೆ ನೆಮ್ಮದಿಯೋ, ಕಣ್ಣ ಮುಂದೆ ಬಂದು ಕಾಡುವ ಇನ್ನೊಂದು ಚಿತ್ರವೋ?’ ಅಂತ ಕೇಳಿದರು. ನನ್ನ ಗಂಡನೇ ಹೊಡೆದು ಹಾಕುತ್ತಾ ಹಾಕುತ್ತಾ ಒಂಬತ್ತು ಉಳಿಸಿಕೊಂಡರು. ಎಷ್ಟು ದಿನ? ಭೇಟಿಯ ಮಾತು ಬಂದಿತ್ತಾ? ನನ್ನ ಬಗ್ಗೆ ಏನು ಹೇಳಿದೆ? ನಾನು ಎಲ್ಲದಕ್ಕೂ ಉತ್ತರ ಕೊಟ್ಟೆ. ಕೊನೆಯದು, ‘ನಾನು ಪಕ್ಕದಲ್ಲಿ ಮಲಗಿದ್ದಾಗಲೂ ಬರೆಯುತ್ತಿದ್ದೆಯಾ?’

‘ಹೌದು’ ಅಂದೆ.

ಅವರು ಕ್ಯಾಮೆರಾದಿಂದ ಆಚೆ ಎದ್ದುಹೋದರು. ಕೌನ್ಸೆಲರ್ ಏನೂ ಹೇಳದೆ ಕಾದರು. ವಾಪಸ್ ಬಂದು ಕೂತಾಗ 50 ನಿಮಿಷಕ್ಕೆ ಇನ್ನು ನಾಲ್ಕೇ ನಿಮಿಷ ಉಳಿದಿತ್ತು. ಈ ಸೇವೆಯ ದೊಡ್ಡ ಕೊರತೆ ನನಗೆ ಕಂಡದ್ದು ಇಲ್ಲೇ. ಕೌನ್ಸೆಲರ್ ಹತ್ತು ನಿಮಿಷ ಮೇಲೆ ಕೊಟ್ಟರು. ಆದರೆ ಪರದೆಯ ಮೇಲೆ ‘ಮುಂದಿನ ಸೆಷನ್‌ಗೆ ಸಮಯವಾಯಿತು’ ಅಂತ ಸೂಚನೆ ಮಿನುಗುತ್ತಿತ್ತು. ಆಮೇಲೆ ಕಾಲ್ ಕಟ್. ಒಂದು ಕೌನ್ಸೆಲಿಂಗ್ ಕೋಣೆಯಿಂದ ಮನೆಗೆ ಬರುವ ದಾರಿಯಾದರೂ ಸಿಗುತ್ತದೆ. ವಿಡಿಯೋದಲ್ಲಿ ಅದಿಲ್ಲ. ಲ್ಯಾಪ್‌ಟಾಪ್ ಮುಚ್ಚಿದರೆ ಅದೇ ಕೋಣೆ, ಅದೇ ಹಾಸಿಗೆ. ಕಷ್ಟದ ಸೆಷನ್ ಇದೆ ಅಂತ ಗೊತ್ತಿದ್ದರೆ 80 ನಿಮಿಷದ್ದು ಸಿಗುತ್ತದಾ ಅಂತ ಮೊದಲೇ ಕೇಳಿ. ಆಮೇಲೆ ಇಬ್ಬರೂ ಬೇರೆಬೇರೆಯಾಗಿ ಅರ್ಧ ಗಂಟೆ ಹೊರಗೆ ನಡೆದು ಬನ್ನಿ. ಇದನ್ನು ಅವರು ನಮಗೆ ಮುಂಚೆಯೇ ಹೇಳಬೇಕಿತ್ತು. ನಾವು ಐದನೇ ವಾರದಿಂದ ನಾವಾಗಿಯೇ ಮಾಡಿದೆವು.

ಈ ಸೇವೆಯ ಆಪ್ ಬಗ್ಗೆಯೂ ಎರಡು ಮಾತು ಹೇಳಬೇಕು. ಸೇರಿದ ದಿನ ಅದು ನನ್ನ ಫೋನಿನ ಕಾಂಟ್ಯಾಕ್ಟ್ಸ್ ನೋಡಲು ಅನುಮತಿ ಕೇಳಿತು. ಕೌನ್ಸೆಲಿಂಗ್‌ಗೆ ಅದು ಯಾಕೆ ಬೇಕು? ಕೊಡಲಿಲ್ಲ, ಕೊಡದೆಯೇ ಎಲ್ಲವೂ ನಡೆಯಿತು. ದಿನಾ ಸಂಜೆ ‘ಇವತ್ತು ನಿಮ್ಮ ಸಂಗಾತಿಯ ಮೇಲೆ ನಂಬಿಕೆ ಎಷ್ಟು? ಒಂದರಿಂದ ಹತ್ತು’ ಅಂತ ನೋಟಿಫಿಕೇಶನ್ ಬರುತ್ತಿತ್ತು. ನನ್ನ ಗಂಡ ಒಂದು ದಿನ ‘ಎರಡು’ ಒತ್ತಿದ್ದನ್ನು ನಾನು ಪಕ್ಕದಿಂದ ನೋಡಿಬಿಟ್ಟೆ. ಅವತ್ತು ರಾತ್ರಿ ಊಟ ಸೇರಲಿಲ್ಲ. ಇಂಥದ್ದನ್ನು ಮೊದಲ ದಿನವೇ ಆಫ್ ಮಾಡಿ. ಸೆಷನ್ ನಡುವೆ ಕೌನ್ಸೆಲರ್‌ಗೆ ಕಳಿಸುವ ಮೆಸೇಜ್ ಎಲ್ಲಿ ಉಳಿಯುತ್ತದೆ, ಬೇರೆ ಯಾರು ಓದಬಹುದು, ಖಾತೆ ಮುಚ್ಚಿದಮೇಲೆ ಏನಾಗುತ್ತದೆ ಅಂತ ಬರವಣಿಗೆಯಲ್ಲಿ ಕೇಳಿ. ನಾನು ಕೇಳಿದ್ದಕ್ಕೆ ಉತ್ತರ ಬರಲು ಎರಡು ವಾರ ಹಿಡಿಯಿತು. ಮನೆಯ ಗುಟ್ಟನ್ನು ಕೈಗೆ ಕೊಟ್ಟವರನ್ನು ಇಷ್ಟು ಕಾಯಿಸಬಾರದು.

ಫೋನ್ ಪಾಸ್‌ವರ್ಡ್ ವಿಷಯದಲ್ಲಿ ಕೌನ್ಸೆಲರ್ ಹೇಳಿದ್ದು ನನಗೆ ಇಷ್ಟವಾಯಿತು. ನಾನು ನನ್ನ ಫೋನ್ ಗಂಡನ ಕೈಗೆ ಕೊಟ್ಟುಬಿಡುತ್ತೇನೆ ಅಂದೆ. ‘ಸದ್ಯಕ್ಕೆ ಕೊಡಿ, ಆದರೆ ಯಾವತ್ತಿನವರೆಗೆ ಅಂತ ಇಬ್ಬರೂ ಕೂತು ತೀರ್ಮಾನ ಮಾಡಿ. ಕೊನೆಯಿಲ್ಲದೆ ಹುಡುಕುತ್ತಾ ಹೋದರೆ ಅವರು ಕಾವಲುಗಾರರಾಗುತ್ತಾರೆ, ಗಂಡನಾಗಿ ಉಳಿಯುವುದಿಲ್ಲ’ ಅಂದರು. ಮೂರು ತಿಂಗಳು ಅಂತ ಇಟ್ಟುಕೊಂಡೆವು. ಅವರು ನೋಡಿದ್ದು ಐದಾರು ಸಲ. ಕೊನೆಯ ತಿಂಗಳು ನೋಡಲೇ ಇಲ್ಲ.

ಆ ಆಟದವರಿಗೆ ಕೊನೆಯ ಮೆಸೇಜ್ ಬರೆದದ್ದು ಆರನೇ ವಾರ. ಮೂರು ಸಾಲು. ಇನ್ನು ಮಾತಾಡುವುದಿಲ್ಲ, ನನ್ನ ಗಂಡನಿಗೆ ಎಲ್ಲಾ ಗೊತ್ತಿದೆ, ಉತ್ತರ ಬರೆಯಬೇಡಿ. ‘ನಿಮ್ಮ ಸ್ನೇಹ ಮರೆಯುವುದಿಲ್ಲ’ ಅಂತ ನಾಲ್ಕನೇ ಸಾಲು ನನ್ನ ಕೈಯಲ್ಲಿ ತಾನಾಗಿ ಬಂದಿತ್ತು. ಅದನ್ನು ಇಡಬೇಕಾ ಅಂತ ನನ್ನ ಗಂಡನನ್ನೇ ಕೇಳಿದೆ. ‘ನೀನೇ ನೋಡು’ ಅಂದರು. ತೆಗೆದೆ. ನನಗೆ ನೋವಾಯಿತು, ಆ ನೋವನ್ನು ನನ್ನ ಗಂಡನಿಗೆ ಹೇಳಿಯೂ ಹೇಳಿದೆ. ಆಟ ಈಗಲೂ ಆಡುತ್ತೇನೆ, ಚಾಟ್ ಮುಚ್ಚಿದ್ದೇನೆ.

ಒಂದು ವಿಷಯ ಮಾತ್ರ ಇನ್ನೂ ಮುಗಿದಿಲ್ಲ. ಪಟ್ಟಿಯ 17ನೇ ಸಾಲು, ಮನೆಯ ತಾಪತ್ರಯವನ್ನು ಹೊರಗಿನವರ ಹತ್ತಿರ ಹೇಳಿಕೊಳ್ಳುವುದು. ನಾನು ‘ಬೇಡ’ ಅಂದಿದ್ದೆ, ಅವರು ‘ಪರವಾಗಿಲ್ಲ’. ಏಳನೇ ವಾರ ಗೊತ್ತಾಯಿತು, ಅವರು ಇಷ್ಟು ದಿನ ಆಫೀಸಿನ ಒಬ್ಬ ಗೆಳತಿಯ ಹತ್ತಿರ ಎಲ್ಲವನ್ನೂ ಹೇಳಿಕೊಳ್ಳುತ್ತಿದ್ದರು. ನನ್ನ ಚಾಟ್ ವಿಷಯ, ನಮ್ಮ ಸೆಷನ್ ವಿಷಯ, ನಾನು ಅತ್ತದ್ದು. ನಾನು ತಟ್ಟನೆ ‘ಹಾಗಾದರೆ ನೀವೂ ಅದನ್ನೇ ಮಾಡಿದಿರಿ’ ಅಂದೆ. ಕೌನ್ಸೆಲರ್ ನನ್ನನ್ನು ತಡೆದರು. ‘ಎರಡನ್ನೂ ಒಂದೇ ತಕ್ಕಡಿಗೆ ಹಾಕಬೇಡಿ. ಅವರು ಬಚ್ಚಿಡಲಿಲ್ಲ, ಕೇಳಿದ ಕೂಡಲೇ ಹೇಳಿದರು. ನಿಮಗೆ ನೋವಾಗಿದ್ದರೆ ಆ ನೋವನ್ನು ಮಾತ್ರ ಹೇಳಿ.’ ಆ ಮಾತನ್ನು ಒಪ್ಪಿಕೊಳ್ಳಲು ನನಗೆ ನಾಲ್ಕು ದಿನ ಬೇಕಾಯಿತು. ನೋವಾಗಿದ್ದಾಗ ಯಾರ ಹತ್ತಿರವಾದರೂ ಹೇಳಿಕೊಳ್ಳಬೇಕಲ್ಲ ಅನ್ನುವುದು ಅವರ ಮಾತು. ಅದೂ ನಿಜವೇ. ಆದರೆ ಆ ಹೆಂಗಸನ್ನು ಎದುರಿಗೆ ನೋಡಿದರೆ ನನಗೆ ಇವತ್ತಿಗೂ ಮೈ ಮುದುಡುತ್ತದೆ.

ಯಾರಿಗೆ ಈ ಸೇವೆ ಹೇಳುತ್ತೇನೆ? ಇಬ್ಬರಿಗೂ ಉಳಿಯುವ ಮನಸ್ಸಿದ್ದು, ಮನೆಯಲ್ಲಿ ಮಾತು ಶುರುವಾದ ಕೂಡಲೇ ಕೂಗಾಟವಾಗುವವರಿಗೆ ಖಂಡಿತ ಹೇಳುತ್ತೇನೆ. ಒಬ್ಬರು ಆಗಲೇ ಬಿಟ್ಟುಹೋಗಲು ನಿರ್ಧಾರ ಮಾಡಿದ್ದರೆ ಇದು ಅವರಿಗಲ್ಲ. ಇನ್ನೂ ಚಾಟ್ ನಡೆಸುತ್ತಲೇ ಇರುವವರಿಗೂ ಅಲ್ಲ. ನಾನು ಎರಡನೇ ವಾರದವರೆಗೆ ಕದ್ದು ಮುಚ್ಚಿ ಒಂದೆರಡು ಸಲ ಬರೆದಿದ್ದೆ, ಆ ಎರಡು ವಾರ ಪೂರ್ತಿ ವ್ಯರ್ಥ. ಎಂಟು ಸೆಷನ್ನಿನ ಹಣವನ್ನು ಒಟ್ಟಿಗೆ ಕಟ್ಟಿಸಿಕೊಳ್ಳುತ್ತಾರೆ, ನಡುವೆ ಬಿಟ್ಟರೆ ವಾಪಸ್ ಇಲ್ಲ. ಇದು ನನಗೆ ಸರಿ ಕಾಣಲಿಲ್ಲ. ಐದಕ್ಕೆ ಎಷ್ಟು ಅಂತ ಕೇಳಿದರೆ ಕೌನ್ಸೆಲರ್‌ಗೆ ಐದು, ಆಪ್‌ಗೆ ಎರಡು.

ಮೂರು ತಿಂಗಳಾದಮೇಲೆ ಒಂದು ಸೆಷನ್ ಇಟ್ಟಿದ್ದಾರೆ. ಅದಕ್ಕೆ ಇನ್ನು ಎರಡು ವಾರ ಇದೆ. ಪಟ್ಟಿಯನ್ನು ಪ್ರಿಂಟ್ ಹಾಕಿಸಿ ಮೇಜಿನ ಡ್ರಾಯರ್‌ನಲ್ಲಿ ಇಟ್ಟಿದ್ದೇವೆ. ಇಬ್ಬರೂ ಒಪ್ಪಿದ್ದನ್ನು ಮಾತ್ರ ಅದರಲ್ಲಿ ಬರೆಯುವುದು ಅಂತ ಮಾತಾಗಿದೆ. 17ನೇ ಸಾಲಿನ ಎದುರು ಖಾಲಿ ಇದೆ. ಮೊನ್ನೆ ರಾತ್ರಿ ಅವರು ಅದನ್ನು ತೆಗೆದು ಪೆನ್ಸಿಲ್‌ನಲ್ಲಿ ಏನೋ ಬರೆದರು. ಸ್ವಲ್ಪ ಹೊತ್ತು ನೋಡಿ ಅಳಿಸಿದರು. ‘ಏನು ಅಳಿಸಿದಿರಿ?’ ಅಂತ ಕೇಳಿದೆ. ಹೇಳಿದರು.